ಝಂಝಾಳ ಗಗನಿಯಾದ ಕಾರಣ

ಪುಸ್ತಕ ಬರೆಯುವವರಿಗೆ ಮೊದಲ ಪುಟದಲ್ಲಿ ಯಾರಿಗಾದರೂ ಋಣಿ ಎಂದು ಹಾಕುವ ಚಟ ಇರುತ್ತದೆ. ನನಗೂ ಇತ್ತು. ‘ತಾಮ್ರದುರ್ಗ’ ಕಾದಂಬರಿ ಮಾಲಿಕೆಯ ಹದಿನಾಲ್ಕು ಸಂಪುಟಗಳಲ್ಲಿ ನಾನು ಹದಿನಾಲ್ಕು ಜನ ಗಣ್ಯರಿಗೆ ಋಣಿಯಾಗಿದ್ದೇನೆ. ಅವರಲ್ಲಿ ಒಬ್ಬರೂ ಪುಸ್ತಕ ತೆರೆದಿಲ್ಲ. ಒಬ್ಬರಂತೂ ತಮಗೆ ಅರ್ಪಿಸಿದ ಪ್ರತಿಯನ್ನೇ ನನ್ನ ಷಷ್ಟ್ಯಬ್ದಿಗೆ ಬಣ್ಣದ ಕಾಗದ ಸುತ್ತಿ ಉಡುಗೊರೆ ಕೊಟ್ಟರು. ನಿಜವಾಗಿ ಯಾರಿಗೆ ಋಣಿಯಾಗಿರಬೇಕಿತ್ತೋ ಅವರ ಹೆಸರು ಎಲ್ಲೂ ಬರಲಿಲ್ಲ. ಆ ತಪ್ಪು ತಿದ್ದಲು ಇದನ್ನು ಬರೆಯುತ್ತಿದ್ದೇನೆ. ಇದರಿಂದ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಆದರೆ ಮನೆಯವರ ಪ್ರಕಾರ ಹೋಗುವಷ್ಟೇನೂ ಉಳಿದಿಲ್ಲ.

ನನ್ನ ಹೆಸರು ಗುರುಶಿದ್ದಪ್ಪ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಅಂಗಡಿ ಹುಬ್ಬಳ್ಳಿಯಲ್ಲಿ. ಎಮ್ಮೆಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿ ಮಾರುವುದು ನನ್ನ ಉದ್ಯೋಗ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾವ ಎಮ್ಮೆಯ ಮಾಲಕನೂ ಅಂಗಡಿಯ ಕಡೆ ಸುಳಿಯುವುದಿಲ್ಲ. ಆ ಎರಡು ತಾಸಿನಲ್ಲಿ, ಹಿಂಡಿಯ ಚೀಲಗಳ ನಡುವೆ ಕೂತು, ಇಪ್ಪತ್ತಾರು ವರ್ಷಗಳಿಂದ ತಾಮ್ರದುರ್ಗವೆಂಬ ಎಲ್ಲಿಯೂ ಇಲ್ಲದ ರಾಜ್ಯದ ಕಥೆ ಬರೆಯುತ್ತ ಬಂದಿದ್ದೇನೆ. ಅಲ್ಲಿ ಹಾರುವ ಕುದುರೆಗಳಿವೆ, ಕತ್ತಲೆಯಲ್ಲಿ ಚೆಲ್ಲಿದರೆ ಬೆಳಗುವ ಪುಡಿ ಇದೆ, ಮನುಷ್ಯರನ್ನು ತಿನ್ನುವ ಸೈನಿಕರಿದ್ದಾರೆ. ಇವಕ್ಕೆಲ್ಲ ಹೊಸ ಹೊಸ ಹೆಸರು ಕಟ್ಟುವುದೆಂದರೆ ನನಗೆ ಬಲು ಖುಷಿ. ಕಟ್ಟಿದ ಹೆಸರನ್ನು ನೆನಪಿಡುವುದು ಮಾತ್ರ ಆಗದ ಕೆಲಸ. ನನ್ನ ನೆನಪಿನ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ: ನನ್ನ ಮದುವೆಯ ಬೆಳಿಗ್ಗೆ ನಾನು ಪಕ್ಕದ ಓಣಿಯ ಬೇರೆಯವರ ಮದುವೆ ಮಂಟಪಕ್ಕೆ ಹೋಗಿ, ಉಪ್ಪಿಟ್ಟು ತಿಂದು, ವಧು ಯಾಕೋ ಬೇರೆ ಕಾಣುತ್ತಾಳಲ್ಲ ಎಂದುಕೊಂಡವನು.

ಹೋದ ಜನವರಿಯಲ್ಲಿ ಮಾಳಮಡ್ಡಿಯ ಓದುಗರ ಬಳಗದವರು ಹದಿನಾಲ್ಕನೆಯ ಸಂಪುಟಕ್ಕೆ ಒಂದು ಸಮಾರಂಭ ಇಟ್ಟುಕೊಂಡರು. ವಿಶ್ವವಿದ್ಯಾಲಯದ ಭಾಷಾವಿಜ್ಞಾನದ ಪ್ರಾಧ್ಯಾಪಕರಾದ ಡಾ. ಲೋಹಿತ ಮುಖ್ಯ ಅತಿಥಿಗಳು. ಪ್ರಶ್ನೋತ್ತರದ ಹೊತ್ತಿಗೆ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಸ್ನೇಹಲ್. ಪಕ್ಕದ ಕುರ್ಚಿಯ ಮೇಲೆ ಹದಿನಾಲ್ಕೂ ಸಂಪುಟಗಳು, ಪ್ರತಿಯೊಂದರಲ್ಲೂ ಬಣ್ಣಬಣ್ಣದ ಚೀಟಿ.

“ಸರ್, ಒಂದನೇ ಸಂಪುಟದಾಗ ಹಾರೂ ಕುದರಿಗೆ ಝಂಝಾಳ ಅಂತ ಹೆಸರೈತ್ರಿ. ಎರಡನೇದ್ರಾಗ ಅದ ಕುದರಿ, ಹಣಿ ಮ್ಯಾಲೆ ಅದ ಬಿಳಿ ಮಚ್ಚಿ, ಆದ್ರ ಹೆಸರು ಗಗನಿ. ಮೂರನೇದ್ರಾಗ ಜ್ಯೋತಿರ್ಧೂಲಿ ಇದ್ದದ್ದು ಐದನೇದ್ರಾಗ ಬೆಳಕಪುಡಿ ಆಗೈತಿ. ಮುಳ್ಳಗುದ್ದಿ ಅನ್ನೂ ರಾಕ್ಷಸ ಸೈನಿಕರು ಆರನೇದಕ್ಕ ಕರಾಳಕರಾಗ್ಯಾರ. ಯಾಕ್ರಿ ಹಿಂಗ?”

ನನಗೆ ಏನೂ ನೆನಪಿರಲಿಲ್ಲ. ಝಂಝಾಳ ಎಂಬುದು ನನ್ನದೇ ಕುದುರೆ ಎಂಬುದೂ ಅವಳು ಹೇಳಿದ ಮೇಲೆಯೇ ಗೊತ್ತಾದದ್ದು. “ಮರ್ತೇನವಾ” ಎಂದು ಕೂತುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಡಾ. ಲೋಹಿತ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಪಿಎಚ್‌ಡಿ ಮಾಡಿದವರು ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಹಿಂಡಿ ಕೊಳ್ಳುವಾಗ ಕೂಡ. ವೇದಿಕೆಯ ಮೇಲೆ ನನ್ನ ಬಾಯಿಂದ ತಾನಾಗಿ ಗ್ರಾಂಥಿಕ ಕನ್ನಡ ಬರುತ್ತದೆ. ಬಂತು.

“ತಂಗಿ, ಪದಗಳೂ ಬೆಳೆಯುತ್ತವೆ. ಮೊದಲ ಸಂಪುಟದಿಂದ ಹದಿನಾಲ್ಕನೆಯದಕ್ಕೆ ತಾಮ್ರದುರ್ಗದಲ್ಲಿ ಎಂಟುನೂರು ವರ್ಷಗಳು ಸಂದಿವೆ. ಭಾಷೆ ಬದಲಾಗದೆ ಇರಲು ಸಾಧ್ಯವೇ? ಎಲ್ಲವೂ ಉದ್ದೇಶಪೂರ್ವಕ. ಆರಂಭದಿಂದಲೂ ಅದಕ್ಕೊಂದು ಟಿಪ್ಪಣಿ ಪುಸ್ತಕವನ್ನೇ ಇಟ್ಟಿದ್ದೇನೆ.”

ಸಭಾಗೃಹ ಚಪ್ಪಾಳೆಯಿಂದ ಗುಡುಗಿತು. ಮೊದಲ ಸಂಪುಟದಲ್ಲಿ ಮೂವತ್ತು ವರ್ಷದವನಾಗಿದ್ದ ನಾಯಕ ಎಂಟುನೂರು ವರ್ಷಗಳ ನಂತರ ಹದಿನಾಲ್ಕನೆಯದರಲ್ಲೂ ಮೂವತ್ತರವನೇ ಆಗಿ, ಅದೇ ಹೆಂಡತಿಯ ಜೊತೆ ಜಗಳವಾಡುತ್ತಿದ್ದಾನೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಪತ್ರಿಕೆಯೊಂದರಲ್ಲಿ ‘ಹಿಂಡಿ ಅಂಗಡಿಯಲ್ಲಿ ಭಾಷಾವಿಜ್ಞಾನ’ ಎಂಬ ತಲೆಬರಹದ ಕೆಳಗೆ ನನ್ನ ಫೋಟೋ ಬಂತು. ಎದುರು ಮನೆಯ ಬ್ಯಾಂಕ್ ಉದ್ಯೋಗಿ ಸುಜಾತಾ ತಮ್ಮ ಹೊಸ ಸ್ಕೂಟರಿಗೆ ಒಂದು ಪ್ರಾಚೀನ ಹೆಸರು ಬೇಕೆಂದರು. ಖಾಯಂ ಗಿರಾಕಿ ಹುಲಗೇಶ ಚೀಲ ಎತ್ತುವ ಮೊದಲು ಕೈ ಮುಗಿದು ಕೇಳಿದ, “ಮಾಲಕ್ರ, ಹಿಂಡಿ ಅನ್ನೂ ಶಬ್ದ ಎಷ್ಟ ವರ್ಷ ಹಳೇದ್ರಿ?”

“ಸಾವಿರದ ಎರಡನೂರ,” ಎಂದೆ.

“ಅದಕ್ಕ ಈ ಸಲದ್ದು ವಾಸನಿ ಬರಾಕತ್ತಿತ್ತು,” ಎಂದು ಅವನು ಚೀಲವನ್ನು ವಾಪಸು ಇಟ್ಟ.

ಇಲ್ಲಿಯವರೆಗೆ ನಷ್ಟ ನನ್ನೊಬ್ಬನದೇ ಆಗಿತ್ತು. ಮಾರ್ಚ್ ಹತ್ತರಂದು ಸ್ನೇಹಲ್ ಪೇಢೆಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಳು. ಬಂದವಳೇ ನನ್ನ ಕಾಲಿಗೂ ನನ್ನ ಹೆಂಡತಿ ದಾಕ್ಷಾಯಿಣಿಯ ಕಾಲಿಗೂ ನಮಸ್ಕಾರ ಮಾಡಿದಳು.

“ಸರ್, ಲೋಹಿತ ಸರ್ ನನಗ ಗೈಡ್ ಆಗ್ಯಾರ್ರಿ. ‘ತಾಮ್ರದುರ್ಗ ಮಾಲಿಕೆಯಲ್ಲಿ ಉದ್ದೇಶಪೂರ್ವಕ ಪದವಿಕಾಸ’ ಅಂತ ವಿಷಯಾ ಕೊಟ್ಟೇನಿ. ಹದಿನೆಂಟನೇ ತಾರೀಖಿಗೆ ಕಮಿಟಿ ಐತ್ರಿ. ಅವತ್ತ ಮೂಲ ಆಕರ ತೋರಸಬೇಕು, ಅಂದ್ರ ನಿಮ್ಮ ಟಿಪ್ಪಣಿ ಪುಸ್ತಕ. ತೋರಸಲಿಲ್ಲಂದ್ರ ನೋಂದಣಿ ರದ್ದು ಆಕ್ಕೈತ್ರಿ. ಈ ವರ್ಷ ಮತ್ತೊಂದು ವಿಷಯಾ ಕೊಡಾಕ ಬರೂದಿಲ್ಲ.”

ದಾಕ್ಷಾಯಿಣಿ ನನ್ನ ಮುಖ ನೋಡಿದಳು. ನಾನು ಪೇಢೆ ನೋಡಿದೆ.

“ನಮ್ಮಪ್ಪ ಪ್ರತಾಪ ಮಾಸ್ತರ ಅಂತ, ಕಲಘಟಗಿ ಕಡೆ ಸರ್ಕಾರಿ ಸಾಲ್ಯಾಗ ಹೆಡ್‌ಮಾಸ್ತರ ಅದಾರ್ರಿ. ನಿಮ್ಮ ಹದಿನಾಲ್ಕೂ ಸಂಪುಟ ಬಂದ ವಾರಾನ ತಂದಾರ. ನಾ ಐದನೇತ್ತೆ ಇದ್ದಾಗಿಂದ ಓದಾಕತ್ತೇನಿ. ನಮ್ಮ ಮನಿತನದಾಗ ಪಿಎಚ್‌ಡಿ ಅಂದ್ರ ನಾನ ಮೊದಲ್ರಿ. ಅಪ್ಪ ಈಗಾಗಲೇ ಊರ ತುಂಬ ಹೇಳಿಬಿಟ್ಟಾರ.”

ಮನುಷ್ಯನಾದವನು ಆಗಲಾದರೂ ನಿಜ ಹೇಳಬೇಕಿತ್ತು. ನಾನು ಗಂಟಲು ಸರಿಮಾಡಿಕೊಂಡು, “ಅಟ್ಟದ ಮ್ಯಾಲೆ ಐತವಾ. ಇಳಸಬೇಕು. ನಾಕ ದಿನಾ ಬಿಟ್ಟ ಬಾ,” ಎಂದೆ.

ಅವಳು ಗೇಟು ದಾಟಿದ ಮೇಲೆ ದಾಕ್ಷಾಯಿಣಿ ಕೇಳಿದಳು, “ನಮ್ಮ ಮನೀಗೆ ಅಟ್ಟ ಎಲ್ಲೈತ್ರಿ?”

ಅಟ್ಟ ಕಟ್ಟಿಸುವುದಕ್ಕಿಂತ ಟಿಪ್ಪಣಿ ಪುಸ್ತಕ ಬರೆಯುವುದು ಸುಲಭವೆಂದು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಅಂಗಡಿಗೆ ಬೀಗ ಹಾಕಿ ಮೂರು ದಿನ ಬರೆದೆ. ‘ತಾಮ್ರಶಕೆ ೪೧೨: ಉತ್ತರದ ಶೀತಗಾಳಿಯಿಂದ ಪ್ರಜೆಗಳ ನಾಲಿಗೆ ಗಡುಸಾಗಿ, ಝಕಾರವು ಗಕಾರಕ್ಕೆ ತಿರುಗಿ, ಝಂಝಾಳವು ಗಗನಿಯಾಯಿತು’ ಎಂಬ ಸಾಲು ಬರೆದಾಗ ನನಗೇ ಮೈ ಜುಂ ಎಂದಿತು. ಮುಳ್ಳಗುದ್ದಿಗಳು ಕರಾಳಕರಾದದ್ದಕ್ಕೆ ಒಂದು ಧರ್ಮಯುದ್ಧವನ್ನೇ ನಡೆಸಿದೆ. ಬೆಳಕಪುಡಿಗಾಗಿ ಇಬ್ಬರು ವೈಯಾಕರಣಿಗಳು ಪ್ರಾಣ ಬಿಟ್ಟರು.

ಮೊದಲ ಪುಟದಲ್ಲಿ ೧೯೯೯ ಎಂದು ಹಾಕಿದೆ. ಇನ್ನು ಪುಸ್ತಕ ಹಳೆಯದಾಗಿ ಕಾಣಬೇಕು. ಚಹಾದಲ್ಲಿ ಅದ್ದಿದರೆ ಕಾಗದ ಹಳದಿಯಾಗುತ್ತದೆಂದು ಎಲ್ಲೋ ಓದಿದ್ದೆ. ಒಲೆಯ ಮೇಲೆ ತುಂಬಿದ ಪಾತೇಲಿ ಇತ್ತು, ಅದ್ದಿದೆ.

“ಅದು ಶುಂಠಿ ಚಾ ಇತ್ರಿ,” ಎಂದಳು ದಾಕ್ಷಾಯಿಣಿ. “ಸುಳ್ಳಿಗೆ ಶುಂಠಿ ಯಾಕ್ರಿ? ಅದಕ್ಕೇನ್ ನೆಗಡಿ ಆಗೇತೇನು?”

ತಾರಸಿಯ ಮೇಲೆ ಪುಟ ಬಿಡಿಸಿ ಒಣಗಲಿಟ್ಟೆ. ಎದುರು ತಾರಸಿಯಿಂದ ಸುಜಾತಾ ಇಣುಕಿದರು. “ಕಾಕಾರ, ಹಪ್ಪಳಾ ಹಾಕೀರೇನ್ರಿ?”

“ಅಲ್ಲವಾ. ಸಂಶೋಧನಾ.”

“ಹೌದ್ರಿ? ಕಾಗಿ ಬಾಯಿ ಹಾಕ್ತಾವ, ಮಗ್ಗಲಕ್ಕ ಒಂದ್ ಕರೇ ಛತ್ರಿ ಬಿಚ್ಚಿ ಇಡ್ರಿ.”

ಹದಿನಾಲ್ಕರಂದು ಸ್ನೇಹಲ್ ಬಂದಳು. ಪುಸ್ತಕವನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಶೀತಗಾಳಿಯ ಪುಟ ಓದಿದಳು, ಧರ್ಮಯುದ್ಧದ ಪುಟ ಓದಿದಳು. ಮಧ್ಯೆ ಒಂದು ಸಲ ಮೂಸಿ ನೋಡಿದಳು. ಕಡೆಗೆ ಹಿಂಬದಿಯ ರಟ್ಟು ತಿರುಗಿಸಿದಳು.

“ಕಾಕಾ,” ಎಂದಳು. ಅಲ್ಲಿಯವರೆಗೆ ಸರ್ ಅನ್ನುತ್ತಿದ್ದಳು. “ಇದು ತೊಂಬತ್ತೊಂಬತ್ತನೇ ಇಸವಿದಂದ್ರಲ್ರಿ?”

“ಹೌದವಾ.”

“ಹಿಂದ ಕ್ಯೂಆರ್ ಕೋಡ್ ಐತಲ್ರಿ.”

ಅಡಿಗೆಮನೆಯಿಂದ ದಾಕ್ಷಾಯಿಣಿಯ ದನಿ ಬಂತು, “ಸ್ಕ್ಯಾನ್ ಮಾಡಿ ನೋಡವಾ. ಅದ್ರಾಗರ ಖರೇ ಏನಂತ ಬರ್ತೈತೇನು.”

ನಾನು ಎಲ್ಲ ಹೇಳಿಬಿಟ್ಟೆ. ನೆನಪಿಲ್ಲದ್ದನ್ನು, ಡಾ. ಲೋಹಿತರ ಕನ್ನಡಕವನ್ನು, ಇಲ್ಲದ ಅಟ್ಟವನ್ನು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡು, “ಅಪ್ಪಗ ಏನಂತ ಹೇಳ್ಲಿ?” ಎಂದಳು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು, “ಹೋಗ್ಲಿ ಬಿಡ್ರಿ. ಪದಾ ಬದಲಿ ಆಗಿದ್ದಂತೂ ಖರೇ. ಅದಕ್ಕ ಖರೇ ಕಾರಣ ಏನರ ಇರಬೇಕಲ್ರಿ. ನಿಮಗ ನೆನಪಿಲ್ಲಂದ್ರ ಮತ್ಯಾರಿಗೆ ಇರತೈತಿ?”

“ಹಳೇ ಹುಬ್ಬಳ್ಳಿಗೆ ಹೋಗಿ ಖಾದರಬಾಷಾರನ್ನ ಕೇಳ್ರಿ,” ಎಂದು ದಾಕ್ಷಾಯಿಣಿ ಹೊರಗೆ ಬಂದಳು. “ಪುಸ್ತಕಾ ಅಚ್ಚ ಹಾಕೂರು ಅವರ ಅಲ್ಲೇನು? ಇವರು ಬರದದ್ದನ್ನ ಪೂರ್ತಿ ಓದಿದ ಗಂಡಸು ಅವರೊಬ್ಬರ.”

“ನಮ್ಮಪ್ಪನೂ ಓದ್ಯಾರ್ರಿ,” ಎಂದಳು ಸ್ನೇಹಲ್, ಅಳುತ್ತಲೇ.

ಖಾದರಬಾಷಾ ಅವರ ಅಚ್ಚುಮನೆ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿದೆ. ಎರಡು ಸೈಕಲ್ ಎದುರಾದರೆ ಒಂದು ಯಾರದೋ ಮನೆಯೊಳಗೆ ಹೋಗಬೇಕಾಗುವಂಥ ಓಣಿ. ಅವರಿಗೆ ಈಗ ಎಪ್ಪತ್ತು. ಈಗೆಲ್ಲ ಕಂಪ್ಯೂಟರಿನ ಮೇಲೆ ಕೆಲಸ. ಆದರೆ ನನ್ನ ಮೊದಲ ಸಂಪುಟಗಳನ್ನು ಅವರು ಒಂದೊಂದೇ ಸೀಸದ ಮೊಳೆ ಆರಿಸಿ, ಜೋಡಿಸಿ ಅಚ್ಚು ಹಾಕಿದ್ದರು. ಸ್ನೇಹಲ್ ಜೊತೆ ಹೋಗಿ ನಾನು ವಿಷಯ ಹೇಳಿದ ಕೂಡಲೇ ಅವರು ಒಳಗಿನ ಕೋಣೆಯ ಕಡೆ ನಡೆದರು.

“ಆ ರದ್ದಿ ಕೇಳಾಕ ಬಂದೀರೇನ್ರಿ?” ಎಂದು ಅವರ ಹೆಂಡತಿ ಅಬೀದಾ ಖುಷಿಯಿಂದ ಎದ್ದು ನಿಂತರು. “ಒಯ್ರಿ, ಪುಣ್ಯಾ ಬರ್ತೈತಿ. ಮಂಚದ ತೆಳಗ ಇಪ್ಪತ್ತಾರ ವರ್ಷದಿಂದ ಐತಿ.”

ಖಾದರಬಾಷಾ ತಂದದ್ದು ಹದಿನಾಲ್ಕು ತಂತಿಗಳು. ಒಂದೊಂದು ತಂತಿಗೂ ಒಂದೊಂದು ಸಂಪುಟದ ನನ್ನ ಹಸ್ತಪ್ರತಿ, ತಿದ್ದಿದ ಕರಡು, ಬಂದ ಕಾಗದಪತ್ರ ಎಲ್ಲ ಪೋಣಿಸಿತ್ತು. “ಲೇಖಕರು ಒಂದಿಲ್ಲೊಂದು ದಿನ ಬಂದು, ನಾ ಹಿಂಗ ಬರದಿಲ್ಲ, ನೀನ ಕೆಡಿಸೀದಿ ಅಂತ ಜಗಳಾ ತೆಗೀತಾರ್ರಿ,” ಎಂದರು ಸ್ನೇಹಲ್‌ಗೆ. “ಅದಕ್ಕ ಒಂದು ಚೀಟೀನೂ ಒಗಿಯೂದಿಲ್ಲ.”

ಎರಡನೆಯ ತಂತಿಯ ಮೇಲಿನ ಹಾಳೆಯಲ್ಲಿ ಅವರದೇ ಕೆಂಪು ಅಕ್ಷರ: ‘ಝ ಮೊಳೆ ಇರುವುದು ೧೧. ಪುಟಕ್ಕೆ ೩೮ ಬೇಕು. ಗ ಸಾಕಷ್ಟಿದೆ. ಗಗನಿ ಎಂದು ಮಾಡಿದೆ.’ ಕೆಳಗೆ ನನ್ನ ಸಹಿ.

“ಒಂದನೇದ್ರಾಗ ಕುದರಿ ಒಂದ ಇತ್ರಿ, ಹೆಂಗರ ನಿಭಾಯಿಸಿದೆ,” ಎಂದರು. “ಎರಡನೇದ್ರಾಗ ನೀವು ದಂಡ ಕಟ್ಕೊಂಡ ಬಂದ್ರಿ. ಒಂದೊಂದು ಕುದರಿಗೆ ಎರಡೆರಡು ಝ. ಎಲ್ಲಿಂದ ತರ್ಲಿ?”

ಸ್ನೇಹಲ್ ಅಳುವುದನ್ನು ನಿಲ್ಲಿಸಿ ಪೆನ್ನು ತೆಗೆದಳು.

ಆರನೆಯ ತಂತಿಯಲ್ಲಿ ನವಲಗುಂದದ ಸಿದ್ದಪ್ಪ ಎಂಬವರ ಪತ್ರ. ನಮ್ಮ ಭಾಗದಲ್ಲಿ ಒಂದು ತೊಂದರೆ ಇದೆ. ಎಂಥ ವಿಚಿತ್ರ ಪದ ಹುಟ್ಟಿಸಿದರೂ ಅದು ಆಗಲೇ ಯಾರದೋ ಅಡ್ಡಹೆಸರಾಗಿರುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲ ಮನೆತನಗಳಾಗಿರುವ ಜಿಲ್ಲೆಯಲ್ಲಿ ರಾಕ್ಷಸರಿಗೆ ಹೆಸರು ಸಿಗುವುದಾದರೂ ಎಲ್ಲಿ? ಅದೇ ವರ್ಷ ನಮ್ಮ ಹಿರಿಯ ಮಗಳಿಗೆ ಅವರ ಮಗನ ಸಂಬಂಧ ಕೂಡಿ ಬಂದಿತ್ತು. ಪತ್ರ ಹೀಗಿತ್ತು: ‘ತಮ್ಮ ಕಾದಂಬರಿಯಲ್ಲಿ ಮುಳ್ಳಗುದ್ದಿ ಎಂಬವರು ಮನುಷ್ಯರನ್ನು ತಿನ್ನುತ್ತಾರೆ. ನಮ್ಮ ಮನೆತನವೂ ಮುಳ್ಳಗುದ್ದಿಯೇ. ನಿಶ್ಚಯ ಕಾರ್ಯಕ್ಕಿಂತ ಮೊದಲು ಅವರು ತಿನ್ನುವುದು ನಿಲ್ಲಬೇಕಾಗಿ ವಿನಂತಿ.’ ಸ್ವಂತ ಬೀಗರ ಅಡ್ಡಹೆಸರು ನನಗೆ ಮರೆತುಹೋಗಿತ್ತು. ನಾನು ಅವರನ್ನು ನವಲಗುಂದದ ಬೀಗರು ಎಂದಷ್ಟೇ ಕರೆಯುವವನು.

ಐದನೆಯದರಲ್ಲಿ ಒಂದು ಪೋಸ್ಟ್‌ಕಾರ್ಡು, ಗರಗದಿಂದ. ಸ್ನೇಹಲ್ ಗಟ್ಟಿಯಾಗಿ ಓದಿದಳು: ‘ನಾವು ಹನ್ನೆರಡು ಮಂದಿ ಖಾದಿ ಕೇಂದ್ರದಾಗ ನೂಲತೇವ್ರಿ. ಹನ್ನೊಂದು ಮಂದಿ ಚರಕ ತಿರುವತಾರ, ಒಬ್ಬಾಕಿ ನಿಮ್ಮ ಪುಸ್ತಕಾ ಓದತಾಳ. ಜ್ಯೋತಿರ್ಧೂಲಿ ಅನ್ನೂ ಹೊತ್ತಿಗೆ ಓದೂಕಿ ನಾಲಿಗಿ ತೊಡರತೈತಿ, ಎಲ್ಲಾರೂ ನಗತೇವಿ, ನೂಲು ಹರೀತೈತಿ. ನಾವು ಬೆಳಕಪುಡಿ ಅಂತ ಓದಾಕತ್ತೇವಿ. ನೀವೂ ಹಂಗ ಬರೀರಿ. ತಪ್ಪ ಅನಕೋಬ್ಯಾಡ್ರಿ. ಇಂತಿ ರತ್ನವ್ವ.’

ಖಾದರಬಾಷಾ ಹೇಳಿದರು, “ಆ ಕಾರ್ಡ್ ನಿಮಗ ಓದಿ ತೋರಿಸಿದ್ದೆ. ನೀವು ಹೂಂ ಅಂದ್ರಿ. ಹಿಂಡಿ ಚೀಲಾ ಎಣಸಾಕತ್ತಿದ್ರಿ.”

ಹೀಗೆ ಒಂದೊಂದೇ ತಂತಿ ಬಿಚ್ಚುತ್ತ ಹೋದೆವು. ನನ್ನ ರಾಜ್ಯವನ್ನು ನಾನೊಬ್ಬನೇ ಕಟ್ಟಿದ್ದೇನೆಂದು ಇಪ್ಪತ್ತಾರು ವರ್ಷ ತಿಳಿದಿದ್ದೆ. ನನಗೆ ಗೊತ್ತಾಗದ ಹಾಗೆ ಎಷ್ಟೊಂದು ಜನ ಅದಕ್ಕೆ ಕೈ ಹಚ್ಚಿದ್ದರು. ಸೀಸದ ಧೂಳಿನಲ್ಲಿ ನಿಂತು ಇವರು, ಚರಕದ ಮುಂದೆ ಕೂತು ಅವರು. ನನಗೆ ಕಣ್ಣು ತುಂಬಿ ಬಂತು. ಅಬೀದಾ ಧೂಳಿನಿಂದ ಹಾಗಾಗಿದೆ ಎಂದುಕೊಂಡು ನೀರು ತಂದುಕೊಟ್ಟರು.

ತಂತಿಗಳನ್ನು ಒಯ್ಯಲು ಖಾದರಬಾಷಾ ಒಪ್ಪಲಿಲ್ಲ. “ಇವು ನನ್ನ ಬಿಟ್ಟು ಎಲ್ಲಿಗೂ ಹೋಗೂದಿಲ್ರಿ. ಕಮಿಟಿಗೆ ನಾನೂ ಬರ್ತೇನಿ,” ಎಂದರು. ಹದಿನೆಂಟರಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹದಿನಾಲ್ಕು ತಂತಿಗಳನ್ನು ನನ್ನ ಅಂಗಡಿಯ ಖಾಲಿ ಚೀಲದಲ್ಲಿ ಹಾಕಿಕೊಂಡು, ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಮಗಿಂತ ಮೊದಲೇ ನಿಂತಿದ್ದರು.

ಕಮಿಟಿಯಲ್ಲಿ ಐದು ಜನ. ನಡುವೆ ಡಾ. ಲೋಹಿತ. ನಾನು ಅಷ್ಟು ಸಣ್ಣ ಭಾಷಣವನ್ನು ಹಿಂದೆಂದೂ ಮಾಡಿಲ್ಲ, ಅದೂ ನಮ್ಮ ಮನೆಯ ಕನ್ನಡದಲ್ಲಿ. “ಸರ್, ಜನವರ್ಯಾಗ ನಾ ಹೇಳಿದ್ದು ಸುಳ್ಳ. ಟಿಪ್ಪಣಿ ಪುಸ್ತಕಿಲ್ಲ. ಉದ್ದೇಶ ಇಲ್ಲ. ಎಂಟನೂರ ವರ್ಷಾನೂ ಇಲ್ಲ. ನಿಮ್ಮ ಮುಂದ ದೊಡ್ಡಾಂವ ಆಗಬೇಕಂತ ಹೇಳಿದೆ. ಈ ಹುಡಗೀದು ಏನೂ ತಪ್ಪಿಲ್ರಿ.”

ಡಾ. ಲೋಹಿತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಂಗಾರ ಪದಾ ಬದಲಿ ಮಾಡಿದವರು ಯಾರು?”

ಸ್ನೇಹಲ್ ಚೀಲ ಬಿಚ್ಚಿದಳು. ಮುಕ್ಕಾಲು ತಾಸು ಒಂದೇ ಉಸಿರಿನಲ್ಲಿ ಮಾತಾಡಿದಳು. ಹನ್ನೊಂದು ಮೊಳೆಗಳ ಲೆಕ್ಕ ತೋರಿಸಿದಳು, ಬೀಗರ ಪತ್ರ ಓದಿದಳು. ಗರಗದ ಕಾರ್ಡು ಕೈಯಿಂದ ಕೈಗೆ ಹೋಗಿ ಮೇಜಿನ ಕೊನೆಯಲ್ಲಿದ್ದ ಹಿರಿಯ ಮೇಡಮ್ಮರ ಹತ್ತಿರ ನಿಂತಿತು. ಅವರು ಎರಡು ಸಲ ಓದಿ, ಖಾದರಬಾಷಾ ಅವರನ್ನು ಕೇಳಿದರು, “ಫೋಟೋ ತಕ್ಕೊಳ್ಳಲೇನ್ರಿ ಇದನ್ನ?”

ಒಬ್ಬ ಸದಸ್ಯರು ಮುಂದೆ ಬಾಗಿದರು. “ಇಷ್ಟೆಲ್ಲಾದ್ರಾಗ ಲೇಖಕರ ಪಾತ್ರ ಏನು?”

ಸ್ನೇಹಲ್ ನನ್ನ ಕಡೆ ನೋಡಿ ಅನುಮಾನಿಸಿದಳು. “ಒಂದೈತ್ರಿ ಸರ್. ಒಂಬತ್ತನೇ ಸಂಪುಟದಾಗ ಅಷ್ಟಕೂಟ ಹೋಗಿ ನವಕೂಟ ಆಗೈತಿ. ಮಂತ್ರಿಗಳನ್ನ ಎಣಸೂದ್ರಾಗ ಅವರು ತಪ್ಪ್ಯಾರ್ರಿ.”

ಡಾ. ಲೋಹಿತ ಅವಳ ಅರ್ಜಿಯ ಮೇಲಿದ್ದ ‘ಉದ್ದೇಶಪೂರ್ವಕ’ ಎಂಬ ಪದದ ಮೇಲೆ ನಿಧಾನವಾಗಿ ಗೆರೆ ಎಳೆದರು. “ಕಲ್ಪಿತ ಭಾಷೆಯ ಚರಿತ್ರೆ ಬರಿಯೂರು ಭಾಳ ಮಂದಿ ಸಿಗತಾರ,” ಎಂದರು. “ಪದಾ ಖರೇನ ಹೆಂಗ ಬದಲಿ ಆಗತಾವ ಅನ್ನೂದಕ್ಕ ತಂತಿಗೆ ಪೋಣಿಸಿದ ಪುರಾವೆ ನಾ ಇದ ಮೊದಲ ನೋಡಾಕತ್ತೇನಿ. ಹೊಸಾ ಶೀರ್ಷಿಕೆ ಹೇಳವಾ.”

‘ತಾಮ್ರದುರ್ಗ ಮಾಲಿಕೆಯ ಪದಗಳು: ಅಚ್ಚುಮನೆ, ಓದುಗರು ಮತ್ತು ಬೀಗರು’ ಎಂದು ಗೊತ್ತಾಯಿತು. ಬೀಗರು ಎಂಬುದು ಶಾಸ್ತ್ರೀಯ ಪರಿಭಾಷೆ ಅಲ್ಲವೆಂದು ಒಬ್ಬರು ತಕರಾರು ತೆಗೆದರು. ಲಿಖಿತ ದಾಖಲೆ ಇದೆಯಲ್ಲ ಎಂದು ಹಿರಿಯ ಮೇಡಮ್ಮರು ಅವರ ಬಾಯಿ ಮುಚ್ಚಿಸಿದರು. ನೋಂದಣಿ ಖಾಯಂ ಆಯಿತು.

ಹೊರಗೆ ಪಡಸಾಲೆಗೆ ಬಂದೊಡನೆ ಸ್ನೇಹಲ್ ಅಪ್ಪನಿಗೆ ಫೋನ್ ಹಚ್ಚಿ, “ಅಪ್ಪಾ, ಆತು” ಎಂದಳು. ಅಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟಳು.

“ಸರ್, ನಿಮ್ಮ ಉಪಕಾರ ಹೆಂಗ ತೀರಸಲಿ?” ಎಂದರು ಪ್ರತಾಪ ಮಾಸ್ತರರು.

“ಉಪಕಾರ ನಂದಲ್ರಿ ಮಾಸ್ತರ. ಸುಳ್ಳ ಹೇಳಿ ನಿಮ್ಮ ಮಗಳನ್ನ ಬಾವ್ಯಾಗ ದೂಡಿದಾಂವ ನಾ. ಮ್ಯಾಲೆ ಎತ್ತಿದವರು ಖಾದರಬಾಷಾ ಅಂತ.”

“ದೊಡ್ಡವರು ಹಂಗ ಅಂತೀರ್ರಿ.”

“ಖರೇನ ಹೇಳಾಕತ್ತೇನ್ರಿ. ನೋಟ್‌ಬುಕ್ ಚಾದಾಗ ಅದ್ದಿದ್ದೆ.”

“ನಿಮ್ಮ ವಿನಯ ನೋಡಿ ನಾವು ಕಲೀಬೇಕ್ರಿ, ಸರ್.”

ಜನವರಿಯಲ್ಲಿ ನನ್ನ ಸುಳ್ಳು ಒಂದೇ ಸಲಕ್ಕೆ ಖರ್ಚಾಗಿತ್ತು. ಈಗ ನಿಜವನ್ನು ಮೂರು ಸಲ ಹೇಳಿದರೂ ಕೊಳ್ಳುವವರಿಲ್ಲ. ನಾನು ಫೋನನ್ನು ಖಾದರಬಾಷಾ ಅವರ ಕೈಗೆ ಇಟ್ಟು, “ನೀವ ಮಾತಾಡ್ರಿ” ಎಂದೆ.

ಅವರು ಬಹಳ ಹೊತ್ತು ಕಿವಿಗೆ ಹಿಡಿದು ಕೇಳಿದರು. ಆಮೇಲೆ ಫೋನಿನ ಮೇಲೆ ಅಂಗೈ ಮುಚ್ಚಿ, ಗಾಬರಿಯಿಂದ ನನ್ನ ಕಡೆ ಬಾಗಿದರು. “ಮಾಸ್ತರು ಅಳಾಕತ್ತಾರ್ರಿ. ಏನ್ ಹೇಳ್ಲಿ? ನೀವು ಬರಿಯೂ ಮಂದಿ, ಒಂದ್ ಛಲೋ ಶಬ್ದಾ ಹೇಳ್ರಿ.”

ನನಗೆ ಪದ ಸಾಲದೆ ಹೋದಾಗಲೆಲ್ಲ ಇಪ್ಪತ್ತಾರು ವರ್ಷ ಒದಗಿಸಿಕೊಟ್ಟ ಮನುಷ್ಯ ಮೊದಲ ಸಲ ನನ್ನ ಹತ್ತಿರ ಒಂದು ಪದ ಕೇಳಿದರು. ನಾನು ತಲೆಯೊಳಗೆಲ್ಲ ಹುಡುಕಿದೆ, ಸಿಗಲಿಲ್ಲ.

“ನನಗ ತಿಳೀವಲ್ದರಿ,” ಎಂದೆ. “ನೀವ ಏನರ ಹಾಕ್ರಿ.”

ಖಾದರಬಾಷಾ ಒಂದು ಗಳಿಗೆ ಯೋಚಿಸಿ, ಫೋನನ್ನು ಮತ್ತೆ ಕಿವಿಗೆ ಹಿಡಿದು, ಮೆಲ್ಲಗೆ ಕೇಳಿದರು:

“ಊಟಾ ಆತೇನ್ರಿ, ಮಾಸ್ತರ?”